ತೋಟಕ್ಕೆ ವರ್ಷಕ್ಕೊಂದು ಫಸಲು, ಕಾರ್ಡಿಗೆ ತಿಂಗಳಿಗೊಂದು ಬಿಲ್ಲು

ಓದುಗರ ಪ್ರಶ್ನೆ: ಹಣಕಾಸು

ಕ್ರೆಡಿಟ್ ಕಾರ್ಡ್ ತಗೊಳ್ಳಬೇಕಾ ಬೇಡವಾ, ತಗೊಂಡ ಮೇಲೆ ಖರ್ಚು ಯಾಕೆ ಕೈಮೀರುತ್ತದೆ ಎಂದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ. ಲೆಕ್ಕ ತೋರಿಸುವಾಗ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42 ಬಡ್ಡಿ ಹಿಡಿದಿದ್ದೇವೆ. ನಿಮ್ಮ ಕಾರ್ಡಿನ ದರ ತುಸು ಆಚೀಚೆ ಇರಬಹುದು. ಬಿಲ್ಲಿನ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಅದು ಇರುತ್ತದೆ.

ಪ್ರಶ್ನೆ: ನಮ್ಮದು ಆರು ಎಕರೆ ಕಾಫಿ ತೋಟ. ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಈಗ ಬ್ಯಾಂಕಿನವರು ‘ಲೈಫ್‌ಟೈಮ್ ಫ್ರೀ’ ಎಂದು ಇನ್ನೊಂದು ಕ್ರೆಡಿಟ್ ಕಾರ್ಡಿಗೆ ವಾರಕ್ಕೆರಡು ಸಲ ಫೋನ್ ಮಾಡುತ್ತಾರೆ. ಅಕ್ಕಪಕ್ಕದ ತೋಟದವರೆಲ್ಲ ತಗೊಂಡಿದ್ದಾರೆ. ಒಂದಿರುವಾಗ ಇನ್ನೊಂದು ಬೇಕಾ?
– ಓದುಗರು, ಮೂಡಿಗೆರೆ

ಉತ್ತರ: ಎರಡಕ್ಕೂ ಒಂದೇ ಹೆಸರಿಟ್ಟಿದ್ದೇ ಗೊಂದಲಕ್ಕೆ ಮೂಲ. 1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡ್ ನಿಜದಲ್ಲಿ ಒಂದು ಬೆಳೆ ಸಾಲದ ಖಾತೆ. ಅದರ ಜೊತೆ ಕೈಗೆ ಬರುವ ರುಪೇ ಕಾರ್ಡು ಆ ಖಾತೆಯಿಂದ ದುಡ್ಡು ತೆಗೆಯಲು ಕೊಟ್ಟ ಡೆಬಿಟ್ ಕಾರ್ಡು, ಅಷ್ಟೆ. 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಶೇ. 7 ಬಡ್ಡಿ, ವಾಯಿದೆಯೊಳಗೆ ಕಟ್ಟಿದರೆ ಶೇ. 3 ರಿಯಾಯಿತಿ ಕಳೆದು ಶೇ. 4. ಅದಕ್ಕಿಂತ ದೊಡ್ಡ ಅನುಕೂಲ, ಮರುಪಾವತಿಯ ವಾಯಿದೆ ಬೆಳೆ ಕೈಗೆ ಬರುವ ಕಾಲ ನೋಡಿ ಇಟ್ಟಿರುವುದು.

ಬ್ಯಾಂಕಿನವರು ಈಗ ಹೇಳುತ್ತಿರುವ ಕಾರ್ಡಿಗೆ ನಿಮ್ಮ ತೋಟದ ಪಂಚಾಂಗ ಗೊತ್ತಿಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕಣದಲ್ಲಿ ಒಣಗಿ, ಮಾರಾಟವಾಗಿ ದುಡ್ಡು ಕೈಸೇರುವಾಗ ಬೇಸಿಗೆ. ಶಾಲೆಯ ಫೀಸು, ಗೊಬ್ಬರ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಕಳೆ ತೆಗೆಸುವ ಕೂಲಿ ಇವೆಲ್ಲ ಬಂದು ನಿಲ್ಲುವುದು ಮೇ-ಜೂನಿನಿಂದ ಆಚೆಗೆ. ಜೂನಿನಲ್ಲಿ ಕಾರ್ಡು ಉಜ್ಜಿದರೆ ಬಿಲ್ಲು ಜುಲೈನಲ್ಲಿ. ಆಗ ಕಾಫಿ ಗಿಡದಲ್ಲಿ ಹಸಿರು ಕಾಯಿ. ‘ಕಾಫಿ ಮಾರಿ ಕಟ್ಟಿದರಾಯ್ತು’ ಎಂಬ ಮಾತು ಸೊಸೈಟಿಯಲ್ಲಿ ನಡೆಯುತ್ತದೆ, ಕಾರ್ಡಿನಲ್ಲಿ ನಡೆಯುವುದಿಲ್ಲ. ಬೆಳೆಗಾರರು ಕಾರ್ಡಿನಲ್ಲಿ ಸಿಕ್ಕಿಬೀಳುವುದು ದುಂದುಗಾರಿಕೆಗಿಂತ ಹೆಚ್ಚಾಗಿ ಈ ತಿಂಗಳು-ವರ್ಷದ ಹೊಂದಾಣಿಕೆ ತಪ್ಪಿದಾಗ.

ಹಾಗಾದರೆ ಅಕ್ಕಪಕ್ಕದವರು ಯಾಕೆ ತಗೊಂಡರು? ಬಡ್ಡಿ ದರ ವಿಚಾರಿಸಿ ಕಾರ್ಡು ತಗೊಳ್ಳುವವರು ಕಡಿಮೆ. ಫೋನಿನಲ್ಲಿ ಕೇಳಿದ ‘ಫ್ರೀ’, ‘ಪ್ರಿ-ಅಪ್ರೂವ್ಡ್’ ಎಂಬ ಮಾತು, ಮೊಬೈಲ್ ಕೊಳ್ಳುವಾಗ ಕಾರ್ಡಿಗೆ ಮಾತ್ರ ಸಿಗುವ ಶೇ. 10 ಕಡಿತ, ಭಾವನ ಹತ್ತಿರ ಇದೆ ಎನ್ನುವುದು, ಆಸ್ಪತ್ರೆ ಖರ್ಚು ಬಂದರೆ ಎಂಬ ಭಯ, ಇವು ನಿರ್ಧಾರ ಮಾಡಿಸುತ್ತವೆ. ಇವುಗಳಲ್ಲಿ ಕೊನೆಯದು ಸಕಾರಣ. ಉಳಿದವಕ್ಕೆ ಮಣಿಯುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಉಜ್ಜುವ ದುಡ್ಡು ಈಗಾಗಲೇ ಖಾತೆಯಲ್ಲಿದೆಯೋ, ಮುಂದೆ ಬರಬೇಕೋ? ಖಾತೆಯಲ್ಲಿದ್ದರೆ ಕಾರ್ಡು ಒಳ್ಳೆಯ ಸಾಧನ. ಬರಬೇಕು ಎಂದಾದರೆ ಅದು ಸಾಲ, ಅದೂ ದುಬಾರಿ ಸಾಲ.

ಮನೆಗೆ ತಿಂಗಳು ತಿಂಗಳು ಬರುವ ಆದಾಯ (ಡೇರಿಯ ಹಾಲಿನ ಹಣ, ಹೋಂಸ್ಟೇ, ಪಿಂಚಣಿ, ಮಗನ ಸಂಬಳ) ಇದ್ದರೆ ಅದರ ಅರ್ಧಕ್ಕೆ ಲಿಮಿಟ್ ಇಡಿಸಿ ತಗೊಳ್ಳಿ. ಅವರು 2 ಲಕ್ಷ ಕೊಟ್ಟರೂ ಆ್ಯಪಿನಲ್ಲಿ ನೀವೇ ಇಳಿಸಬಹುದು. ‘ಲೈಫ್‌ಟೈಮ್ ಫ್ರೀ’ಯೋ ‘ಮೊದಲ ವರ್ಷ ಫ್ರೀ’ಯೋ ಎಂಬುದನ್ನು ಫೋನಿನಲ್ಲಿ ನಂಬಬೇಡಿ, ಮೇಲ್ ಅಥವಾ ಎಸ್ಎಂಎಸ್ ಕೇಳಿ. ಬಿಲ್ಲಿನ ದಿನಾಂಕವನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಹಕ್ಕನ್ನು ರಿಸರ್ವ್ ಬ್ಯಾಂಕ್ ಗ್ರಾಹಕರಿಗೆ ಕೊಟ್ಟಿದೆ. ದುಡ್ಡು ಬರುವ ದಿನಕ್ಕೆ ನಾಲ್ಕೈದು ದಿನ ಆಚೆ ಕೊನೆಯ ದಿನಾಂಕ ಬೀಳುವ ಹಾಗೆ ಹೊಂದಿಸಿಕೊಳ್ಳಿ. ಬಿಲ್ಲು 5ಕ್ಕೆ ತಯಾರಾಗಿ ಕಟ್ಟಲು 25 ಕೊನೆಯ ದಿನ ಎಂದಿದ್ದರೆ, ಜೂನ್ 5ಕ್ಕೆ ಕೊಂಡ ವಸ್ತುವಿಗೆ ಜೂನ್ 25ರವರೆಗೆ 20 ದಿನದ ಬಿಡುವು. ಒಂದೇ ದಿನ ತಡೆದು 6ಕ್ಕೆ ಕೊಂಡರೆ ಜುಲೈ 25ರವರೆಗೆ 49 ದಿನ.

ಪ್ರಶ್ನೆ: ಯಜಮಾನರು ಸರ್ಕಾರಿ ನೌಕರರು. ಕಾರ್ಡು ಬಂದ ಮೇಲೆ ಬಿ.ಎಂ. ರಸ್ತೆಯ ಅಂಗಡಿಗಳಿಗೆ ಹೋದಾಗ ಒಂದು ಸೀರೆಗೆ ಹೋಗಿ ಎರಡು ತರುವ ಹಾಗಾಗಿದೆ. ಬಿಲ್ಲನ್ನೇನೋ ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತೇವೆ, ಪಾಯಿಂಟೂ ಬರುತ್ತದೆ. ಖರ್ಚು ಹೆಚ್ಚಾಗಿದೆ ಎನ್ನುವುದು ನನ್ನ ಭ್ರಮೆಯೇ?
– ಓದುಗರು, ಹಾಸನ

ಉತ್ತರ: ಭ್ರಮೆಯಲ್ಲ ತಾಯಿ. ಅಮೆರಿಕದ ಎಂಐಟಿಯಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟನ್ನು ವಿದ್ಯಾರ್ಥಿಗಳ ನಡುವೆ ಹರಾಜಿಗಿಟ್ಟರು. ಅರ್ಧ ಜನಕ್ಕೆ ನಗದು ಕೊಡಬೇಕು ಎಂದರು, ಇನ್ನರ್ಧಕ್ಕೆ ಕಾರ್ಡು. ಟಿಕೆಟ್ ಒಂದೇ, ಆದರೂ ಕಾರ್ಡಿನವರು ಸರಾಸರಿ ಸುಮಾರು ಎರಡು ಪಟ್ಟು ಕೂಗಿದರು. ಅದಕ್ಕೂ ಮೊದಲು, 1986ರಲ್ಲಿ, ರಿಚರ್ಡ್ ಫೈನ್‌ಬರ್ಗ್ ಅವರ ಪ್ರಯೋಗಗಳಲ್ಲಿ ಎದುರಿಗೆ ಕಾರ್ಡಿನ ಚಿಹ್ನೆ ಇಟ್ಟಿದ್ದರೂ ಸಾಕು, ಜನ ಹೆಚ್ಚು ಬೆಲೆ ಕೊಡಲು ಒಪ್ಪಿದ್ದು ಕಂಡಿತ್ತು.

ಕಾರಣ ಸರಳ. ಪರ್ಸಿನಿಂದ 500ರ ಐದು ನೋಟು ಎಣಿಸಿ ಕೊಡುವಾಗ ಪರ್ಸು ತೆಳ್ಳಗಾದದ್ದು ಕಣ್ಣಿಗೆ ಕಾಣುತ್ತದೆ, ಮನಸ್ಸು ಸ್ವಲ್ಪ ಚುರ್ ಎನ್ನುತ್ತದೆ. ಕಾರ್ಡಿನಲ್ಲಿ ಸೀರೆ ಇವತ್ತು ಮನೆಗೆ ಬಂತು, ಆ ಚುರುಕು ತಿಂಗಳು ಕಳೆದು ಬಂತು; ಅದೂ ದಿನಸಿ, ಪೆಟ್ರೋಲು, ಔಷಧಿಯ ಜೊತೆ ಒಂದೇ ಮೊತ್ತವಾಗಿ. ಯಾವುದು ಯಾವುದರದ್ದೋ ಗೊತ್ತಾಗುವುದಿಲ್ಲ.

ಪಾಯಿಂಟಿನ ಲೆಕ್ಕವನ್ನೂ ಮಾಡಿಬಿಡೋಣ. 100 ರೂಪಾಯಿಗೆ ಒಂದು ಪಾಯಿಂಟ್, ಪಾಯಿಂಟಿಗೆ 25 ಪೈಸೆ ಎಂದಿದ್ದರೆ ವರ್ಷಕ್ಕೆ 4 ಲಕ್ಷ ಖರ್ಚು ಮಾಡಿದವರಿಗೆ ಸಿಗುವುದು 1,000 ರೂಪಾಯಿ. ಒಂದು ಹೆಚ್ಚುವರಿ ಸೀರೆಗೆ ಅದು ಸರಿಹೋಯಿತು.

ಮಾಡಬಹುದಾದದ್ದು ಇಷ್ಟು. ಕಾರ್ಡಿನ ಆ್ಯಪಿಗೆ ಹೋಗಿ ಒಂದು ವಹಿವಾಟಿಗೆ ಇಂತಿಷ್ಟೇ ಎಂದು ಮಿತಿ ಹಾಕಿ. 2020ರಿಂದ ಈ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕು. ಪಿನ್ ಇಲ್ಲದೆ ತಾಗಿಸಿ ಕೊಡುವ ವ್ಯವಸ್ಥೆ 5,000 ರೂಪಾಯಿವರೆಗೆ ನಡೆಯುತ್ತದೆ, ಅದನ್ನು ಆಫ್ ಮಾಡಿ. ಪಿನ್ ಒತ್ತುವ ಆ ನಾಲ್ಕು ಸೆಕೆಂಡಿಗೂ ಬೆಲೆಯಿದೆ. ಶಾಪಿಂಗ್ ಆ್ಯಪುಗಳಲ್ಲಿ ಉಳಿಸಿಟ್ಟ ಕಾರ್ಡನ್ನು ಅಳಿಸಿ. ಕಾರ್ಡನ್ನು ಪೆಟ್ರೋಲು, ವಿಮೆ ಕಂತು, ಕರೆಂಟ್ ಬಿಲ್ಲಿನಂಥ ಹೇಗಿದ್ದರೂ ಆಗುವ ಖರ್ಚಿಗೆ ಇಟ್ಟುಕೊಂಡು, ಬಟ್ಟೆ-ಬರೆಗೆ ನಗದು ಒಯ್ಯಿರಿ. ಹಳೇ ಕಾಲದ ಸಲಹೆ ಎನಿಸಬಹುದು, ಆದರೆ ಕೆಲಸ ಮಾಡುತ್ತದೆ.

ಪ್ರಶ್ನೆ: ನಾನು ರೆಸಾರ್ಟಿನಲ್ಲಿ ಕೆಲಸ ಮಾಡುತ್ತೇನೆ. ಜುಲೈ 10ಕ್ಕೆ 40,000 ರೂಪಾಯಿಯ ಲ್ಯಾಪ್‌ಟಾಪ್ ಕಾರ್ಡಿನಲ್ಲಿ ಕೊಂಡೆ. ಬಿಲ್ಲು 5ಕ್ಕೆ, ಕೊನೆಯ ದಿನ 25. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ 2,000 ಎಂದಿತ್ತು, ಅಷ್ಟನ್ನು ದಿನಾಂಕದೊಳಗೇ ಕಟ್ಟಿದೆ. ಮುಂದಿನ ಬಿಲ್ಲಿನಲ್ಲಿ ಬಾಕಿ 41,000 ಚಿಲ್ಲರೆ ಬಂದಿದೆ! ಬ್ಯಾಂಕಿನವರು ತಪ್ಪು ಮಾಡಿದ್ದಾರಾ? ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವ ಹಾಗಿಲ್ಲ ಎಂದು ವಾಟ್ಸಾಪಿನಲ್ಲಿ ಓದಿದ್ದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ತಪ್ಪು ಮಾಡಿಲ್ಲ. ಲೆಕ್ಕ ನೋಡಿ.

ಪೂರ್ತಿ ಬಾಕಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಬಿಡುವು ರದ್ದಾಗುತ್ತದೆ, ಬಡ್ಡಿ ಕೊನೆಯ ದಿನದಿಂದಲ್ಲ, ಕೊಂಡ ದಿನದಿಂದ ಬೀಳುತ್ತದೆ. ಜುಲೈ 10ರಿಂದ ಆಗಸ್ಟ್ 24ರವರೆಗೆ 46 ದಿನ, 40,000ಕ್ಕೆ ಬಡ್ಡಿ 2,117 ರೂಪಾಯಿ. ನೀವು 2,000 ಕಟ್ಟಿದ ಮೇಲೆ ಉಳಿದ 38,000ಕ್ಕೆ ಆಗಸ್ಟ್ 25ರಿಂದ ಸೆಪ್ಟೆಂಬರ್ 5ರವರೆಗೆ 12 ದಿನದ ಬಡ್ಡಿ 525. ಎರಡೂ ಸೇರಿ 2,642. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 476. ಒಟ್ಟು 3,118. ಅದನ್ನು 38,000ಕ್ಕೆ ಕೂಡಿಸಿದರೆ 41,118. ಹಿಂದಿನ ಪತ್ರದ ಸೋದರಿಗೆ ಒಂದು ವರ್ಷಕ್ಕೆ ಸಿಗುವ ಪಾಯಿಂಟು 1,000 ರೂಪಾಯಿ ಎಂದೆವಲ್ಲ, ನಿಮ್ಮ ಈ ಒಂದು ಬಿಲ್ಲು ಅಂಥ ಮೂರು ವರ್ಷದ ಪಾಯಿಂಟನ್ನು ನುಂಗಿತು.

ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಹಳೆ ಬಾಕಿ ಇರುವಷ್ಟು ಕಾಲ ಹೊಸದಾಗಿ ಕೊಂಡ 200 ರೂಪಾಯಿಯ ಪೆಟ್ರೋಲಿಗೂ ಅದೇ ದಿನದಿಂದ ಬಡ್ಡಿ. ಆದ್ದರಿಂದ ಮೊದಲ ಕೆಲಸ, ಆ ಕಾರ್ಡನ್ನು ಉಜ್ಜುವುದು ನಿಲ್ಲಿಸಿ.

‘ಮಿನಿಮಮ್ ಡ್ಯೂ’ ಎಂಬುದು ತಡ ಶುಲ್ಕ ಬೀಳದಂತೆ, ಖಾತೆ ಸುಸ್ತಿಯಾಗದಂತೆ ತಡೆಯುವ ಮೊತ್ತ. ಸಾಮಾನ್ಯವಾಗಿ ಬಾಕಿಯ ಶೇ. 5, ಅದರ ಜೊತೆ ಆ ತಿಂಗಳ ಇಎಂಐ, ಶುಲ್ಕ, ತೆರಿಗೆ. ಬಿಲ್ಲಿನಲ್ಲಿ ಅದನ್ನು ಒಟ್ಟು ಬಾಕಿಯ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಚಿಕ್ಕ ಅಂಕಿ ಕಂಡ ಕೂಡಲೇ ಕಟ್ಟುವ ಮೊತ್ತವೂ ಅದರ ಕಡೆಗೇ ಜಾರುತ್ತದೆ. ಬ್ರಿಟನ್ನಿನ ಸಂಶೋಧಕ ನೀಲ್ ಸ್ಟುವರ್ಟ್ 2009ರಲ್ಲಿ ತೋರಿಸಿದ್ದು ಇದನ್ನೇ. ಕನಿಷ್ಠ ಮೊತ್ತ ನಮೂದಿಸಿದ ಬಿಲ್ಲು ಕಂಡವರು, ನಮೂದಿಸದ ಬಿಲ್ಲು ಕಂಡವರಿಗಿಂತ ಕಡಿಮೆ ಕಟ್ಟಲು ಮುಂದಾದರು. ಆಟೋ-ಪೇ ಹಾಕಿಸಿಕೊಂಡವರೂ ಒಮ್ಮೆ ಆ್ಯಪ್ ತೆರೆದು ನೋಡಿ. ಎಷ್ಟೋ ಜನ ಫಾರಂ ತುಂಬುವಾಗ ‘ಟೋಟಲ್’ ಬದಲು ‘ಮಿನಿಮಮ್’ ಗುರುತು ಹಾಕಿ ಮರೆತಿರುತ್ತಾರೆ.

ಶೇ. 30ರ ಮಾತು: ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಆದೇಶಿಸಿದ್ದು ನಿಜ. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ.

ಈಗ ದಾರಿ: ಮನೆಯಲ್ಲಿ ಉಳಿತಾಯ ಇದ್ದರೆ ಮುರಿದು ಕಟ್ಟಿ; ಶೇ. 7ರ ಠೇವಣಿ ಉಳಿಸಿಕೊಂಡು ಶೇ. 42 ಕಟ್ಟುವುದು ಜಾಣತನವಲ್ಲ. ಇಲ್ಲವಾದರೆ ಗ್ರಾಹಕ ಸೇವೆಗೆ ಫೋನ್ ಮಾಡಿ ಪೂರ್ತಿ ಬಾಕಿಯನ್ನು ಇಎಂಐಗೆ ಬದಲಿಸಲು ಕೇಳಿ. 41,000ಕ್ಕೆ ವರ್ಷಕ್ಕೆ ಶೇ. 16ರಂತೆ 12 ಕಂತಾದರೆ ಕಂತು ಸುಮಾರು 3,720; ಇಡೀ ವರ್ಷದ ಬಡ್ಡಿ ಸುಮಾರು 3,640, ಅದಕ್ಕೆ ಜಿಎಸ್‌ಟಿ 655. ಪ್ರೊಸೆಸಿಂಗ್ ಶುಲ್ಕ ಬೇರೆ. ಪೂರ್ತಿ ತೀರಿಸಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಕೆಲವು ನೂರು ರೂಪಾಯಿ ಬಡ್ಡಿ ಬಂದರೆ ಗಾಬರಿಯಾಗಬೇಡಿ. ಅದು ಬಿಲ್ಲಿನ ದಿನದಿಂದ ನೀವು ಕಟ್ಟಿದ ದಿನದವರೆಗಿನದು. ಅದನ್ನು ನಿರ್ಲಕ್ಷಿಸಿದರೆ ಮತ್ತೆ ಸುಸ್ತಿ.

ಮುಂದೆ ‘ನೋ ಕಾಸ್ಟ್ ಇಎಂಐ’ಗೆ ಹೋಗುವುದಾದರೆ ಇದೂ ಗೊತ್ತಿರಲಿ. 24,000ದ ಫೋನಿಗೆ 4,000ದಂತೆ ಆರು ಕಂತು ಎಂದಾಗ, ಬ್ಯಾಂಕು ಶೇ. 16ರಂತೆ ಸುಮಾರು 1,080 ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟನ್ನು ಅಂಗಡಿ ಕಡಿತವಾಗಿ ಕೊಡುತ್ತದೆ. ಬಡ್ಡಿಯ ಮೇಲಿನ ಜಿಎಸ್‌ಟಿ 195 ನಿಮ್ಮದೇ. 199ರ ಪ್ರೊಸೆಸಿಂಗ್ ಶುಲ್ಕ ಇದ್ದರೆ ತೆರಿಗೆ ಸೇರಿ 235. ಒಟ್ಟು 430 ರೂಪಾಯಿ, ಬಡ್ಡಿಯಿಲ್ಲದ ಸಾಲಕ್ಕೆ.

ಪ್ರಶ್ನೆ: ಕೊಯ್ಲಿನ ಸಮಯದಲ್ಲಿ ಶನಿವಾರದ ಬಟವಾಡೆಗೆ ನಗದು ಸಾಲದೆ ಬಂದರೆ ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ 20,000 ತೆಗೆಯಬಹುದೇ? ಒಂದು ತಿಂಗಳಲ್ಲಿ ಕಟ್ಟಿಬಿಡುತ್ತೇನೆ.
– ಓದುಗರು, ಸಕಲೇಶಪುರ

ಉತ್ತರ: ತೆಗೆಯಬಹುದು, ತೆಗೆಯಬೇಡಿ. ನಗದಿಗೆ ಬಿಡುವು ಒಂದು ದಿನವೂ ಇಲ್ಲ. ಶೇ. 2.5 ಶುಲ್ಕ 500, ಅದಕ್ಕೆ ಜಿಎಸ್‌ಟಿ 90. 30 ದಿನದ ಬಡ್ಡಿ 690, ಅದಕ್ಕೆ ಜಿಎಸ್‌ಟಿ 124. ತಿಂಗಳಿಗೆ ಸುಮಾರು 1,405. ಅದೇ 20,000ವನ್ನು ವರ್ಷಕ್ಕೆ ಶೇ. 12ರ ಚಿನ್ನದ ಸಾಲದಲ್ಲಿ ತಂದರೆ ತಿಂಗಳ ಬಡ್ಡಿ 200. ಕಿಸಾನ್ ಕಾರ್ಡಿನ ಮಿತಿಯಲ್ಲಿ ಉಳಿಕೆ ಇದ್ದರೆ ಅದು ಇನ್ನೂ ಅಗ್ಗ, ಅದರ ಡೆಬಿಟ್ ಕಾರ್ಡಿನಿಂದಲೇ ತೆಗೆಯಿರಿ. ಕೊಯ್ಲಿನ ಖರ್ಚು ನವೆಂಬರಿನಲ್ಲಿ ಬಂದೇ ಬರುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ, ಆ ಮಿತಿಯನ್ನು ಮಳೆಗಾಲದಲ್ಲೇ ಖಾಲಿ ಮಾಡದೆ ಸ್ವಲ್ಪ ಉಳಿಸಿಡುವುದು ವಾಸಿ.

ಅಂಗಡಿಯಲ್ಲಿ ಶೇ. 3 ಕೊಟ್ಟು ಕಾರ್ಡು ಉಜ್ಜಿ ನಗದು ತರುವ ರೂಢಿ ಪೇಟೆಯಲ್ಲಿದೆ. ಲೆಕ್ಕಕ್ಕೆ 600 ಎಂದು ಅಗ್ಗವಾಗಿ ಕಾಣುತ್ತದೆ. ಮಾಲಿಲ್ಲದೆ ಬಿಲ್ಲು ಹಾಕುವುದು ಕಾರ್ಡಿನ ಷರತ್ತಿಗೆ ವಿರುದ್ಧ. ಪದೇ ಪದೇ ಒಂದೇ ಅಂಗಡಿಯಲ್ಲಿ ದುಂಡು ಮೊತ್ತ ಬಿದ್ದರೆ ಬ್ಯಾಂಕಿನವರಿಗೆ ಕಾಣುತ್ತದೆ, ಕಾರ್ಡು ನಿಲ್ಲಿಸುತ್ತಾರೆ.

ಪ್ರಶ್ನೆ: ನಮ್ಮದು ಹಾರ್ಡ್‌ವೇರ್ ಅಂಗಡಿ. ಗ್ರಾಹಕರು ಕ್ರೆಡಿಟ್ ಕಾರ್ಡ್ ತೆಗೆದರೆ ಶೇ. 2 ಬ್ಯಾಂಕಿನ ಶುಲ್ಕಕ್ಕೆ ಹೋಗುತ್ತದೆ. ಬೇಡ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ. ಏನು ಮಾಡುವುದು?
– ಓದುಗರು, ಅರಸೀಕೆರೆ

ಉತ್ತರ: 10,000ದ ಮಾಲಿಗೆ 200, ಜಿಎಸ್‌ಟಿ ಸೇರಿ 236. ಶೇ. 8 ಲಾಭದ ಮಾಲಾದರೆ 800ರಲ್ಲಿ 236 ಹೋದದ್ದು ಉರಿಯುತ್ತದೆ, ಸರಿ. ಆದರೆ ಎದುರಿಗೆ ನಿಮ್ಮ ಉದ್ರಿ ಪುಸ್ತಕ ಇಟ್ಟುಕೊಂಡು ನೋಡಿ. ಕೊಬ್ಬರಿ ಮಾರಿದ ಮೇಲೆ ಕೊಡುತ್ತೇನೆ ಎಂದ ಗಿರಾಕಿಯ ಉದ್ರಿಯನ್ನು ಇಲ್ಲಿ ಬ್ಯಾಂಕು ಹೊತ್ತಿದೆ, ನಿಮಗೆ ದುಡ್ಡು ಒಂದೆರಡು ದಿನದಲ್ಲಿ ಖಾತೆಗೆ. ಆರು ತಿಂಗಳು ಅಲೆದು ವಸೂಲಿ ಮಾಡುವುದಕ್ಕಿಂತ 236 ಹೆಚ್ಚಲ್ಲ. ಸಿಮೆಂಟಿನಂಥ ಸಣ್ಣ ಲಾಭದ ಮಾಲಿಗೆ ಮಾತ್ರ ನಗದು ದರ ಬೇರೆ ಹೇಳಿ. ಕಾರ್ಡಿಗೆ ಮೇಲೆ ಶೇ. 2 ಹಾಕುವ ಮೊದಲು ಬ್ಯಾಂಕಿನ ಒಪ್ಪಂದ ಓದಿ.

ರುಪೇ ಕ್ರೆಡಿಟ್ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದಾಗಿದೆ. ‘ನಮ್ಮ ಕ್ಯೂಆರ್‌ಗೆ ಕ್ರೆಡಿಟ್ ಬರುತ್ತಿಲ್ಲ’ ಎಂದು ದೂರುವವರು ಗೋಡೆಗೆ ಅಂಟಿಸಿರುವುದು ಬಹುತೇಕ ಸ್ವಂತ ಖಾತೆಯ ಕ್ಯೂಆರ್. ವ್ಯಾಪಾರಿ ಕ್ಯೂಆರ್ ಮಾತ್ರ ಅದನ್ನು ಸ್ವೀಕರಿಸುತ್ತದೆ. ಸಣ್ಣ ವ್ಯಾಪಾರಿಗಳ ವರ್ಗದಲ್ಲಿದ್ದರೆ 2,000 ರೂಪಾಯಿವರೆಗಿನ ವಹಿವಾಟಿಗೆ ಶುಲ್ಕವಿಲ್ಲ.

ಪ್ರಶ್ನೆ: ಗಾರ್ಮೆಂಟ್ಸಿನಲ್ಲಿ ಕೆಲಸ. ಸಾಲ ಯಾವತ್ತೂ ಮಾಡಿಲ್ಲ. ಮೂರು ಬ್ಯಾಂಕಿಗೆ ಅರ್ಜಿ ಹಾಕಿದೆ, ಮೂರೂ ಕಡೆ ಕಾರ್ಡು ಕೊಡಲಿಲ್ಲ. ಸಾಲ ಮಾಡದವರಿಗೆ ಯಾಕೆ ಹೀಗೆ?
– ಓದುಗರು, ಹಾಸನ

ಉತ್ತರ: ಸಾಲ ಮಾಡಿ ತೀರಿಸಿದ ದಾಖಲೆ ಇಲ್ಲದಿದ್ದರೆ, ಬ್ಯಾಂಕುಗಳು ಸಾಲ ಕೊಡುವ ಮೊದಲು ನೋಡುವ ಕ್ರೆಡಿಟ್ ಸ್ಕೋರೇ ಹುಟ್ಟುವುದಿಲ್ಲ. 300ರಿಂದ 900ರ ಆ ಅಂಕಿ ನಿಮ್ಮ ಒಳ್ಳೆಯತನದ ಅಳತೆಯಲ್ಲ, ಕಂತು ಕಟ್ಟಿದ ಚರಿತ್ರೆ. ಒಂದಾದ ಮೇಲೊಂದು ಅರ್ಜಿ ಹಾಕಿದರೆ ಪ್ರತಿಯೊಂದು ವಿಚಾರಣೆಯೂ ದಾಖಲಾಗಿ ಇನ್ನೂ ಕಷ್ಟವಾಗುತ್ತದೆ, ಸದ್ಯ ನಿಲ್ಲಿಸಿ. 15-20 ಸಾವಿರ ಠೇವಣಿ ಇಟ್ಟು ಅದರ ಮೇಲೆ ಕಾರ್ಡು ಕೇಳಿ. ಠೇವಣಿಯ ಶೇ. 80-90ರಷ್ಟು ಲಿಮಿಟ್ ಕೊಡುತ್ತಾರೆ, ಠೇವಣಿಗೆ ಬಡ್ಡಿಯೂ ನಡೆಯುತ್ತದೆ, ಆದರೆ ಕಾರ್ಡು ಇರುವವರೆಗೆ ಮುರಿಯಲಾಗದು. ಲಿಮಿಟ್ಟಿನ ಶೇ. 30ರೊಳಗೆ ಬಳಸಿ, ಪೂರ್ತಿ ಕಟ್ಟುತ್ತಾ ಆರು ತಿಂಗಳು ನಡೆಸಿದರೆ ಸ್ಕೋರು ಕಾಣಿಸತೊಡಗುತ್ತದೆ. ವರ್ಷಕ್ಕೊಂದು ಪೂರ್ತಿ ವರದಿಯನ್ನು ಈ ಸ್ಕೋರು ಲೆಕ್ಕ ಹಾಕುವ ಸಿಬಿಲ್ ಮೊದಲಾದ ನಾಲ್ಕೂ ಸಂಸ್ಥೆಗಳು ಪುಕ್ಕಟೆ ಕೊಡಬೇಕು. ಅದರಲ್ಲಿ ತಪ್ಪಿದ್ದು, ದೂರು ಕೊಟ್ಟು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು.

ಪ್ರಶ್ನೆ: ಕೇಳದೇ ಅಂಚೆಯಲ್ಲಿ ಒಂದು ಕಾರ್ಡು ಬಂದಿದೆ. ಹಳೆಯದೊಂದನ್ನು ಮುಚ್ಚಲು ಹೇಳಿ ತಿಂಗಳಾದರೂ ಮುಚ್ಚಿಲ್ಲ. ಕತ್ತರಿಸಿ ಒಲೆಗೆ ಹಾಕಿದರೆ ಆಯಿತಲ್ಲ?
– ಓದುಗರು, ಕಡೂರು

ಉತ್ತರ: ಒಲೆಗೆ ಹೋಗುವುದು ಪ್ಲಾಸ್ಟಿಕ್ ಮಾತ್ರ, ಖಾತೆ ಹಾಗೇ ಇರುತ್ತದೆ, ವಾರ್ಷಿಕ ಶುಲ್ಕ ಬಿದ್ದು, ಕಟ್ಟದೆ ಬಾಕಿಯಾಗಿ, ನಾಳೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಎದುರಿಗೆ ಬರುತ್ತದೆ.

ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಕೇಳದೇ ಕಾರ್ಡು ಕೊಡುವಂತಿಲ್ಲ. ಕೊಟ್ಟು ಶುಲ್ಕ ಹಾಕಿದ್ದರೆ ಶುಲ್ಕ ವಾಪಸ್ ಮಾಡಿ, ಅದರ ಎರಡರಷ್ಟು ದಂಡವನ್ನೂ ತೆರಬೇಕು. ಬಂದ ಕಾರ್ಡಿಗೆ ಯಾರೇ ಫೋನ್ ಮಾಡಿ ಓಟಿಪಿ ಕೇಳಿದರೂ ಕೊಡಬೇಡಿ. 30 ದಿನದಲ್ಲಿ ಸಕ್ರಿಯವಾಗದಿದ್ದರೆ ಬ್ಯಾಂಕು ನಿಮ್ಮ ಒಪ್ಪಿಗೆ ಕೇಳಬೇಕು, ಒಪ್ಪದಿದ್ದರೆ 7 ಕೆಲಸದ ದಿನದಲ್ಲಿ ಪುಕ್ಕಟೆ ಮುಚ್ಚಬೇಕು.

ಹಳೆಯದಕ್ಕೆ ಮೊದಲು ಬಾಕಿ, ಉಳಿದ ಇಎಂಐ ತೀರಿಸಿ, ಪಾಯಿಂಟು ಬಳಸಿ, ಅದಕ್ಕೆ ಜೋಡಿಸಿದ ವಿಮೆ-ಡಿಟಿಎಚ್ ಆಟೋ-ಪೇ ತೆಗೆಸಿ. ಕಂಪನಿಗಳು ತಪ್ಪಿಸಿಕೊಳ್ಳುವುದು ಬಹುಪಾಲು ಇಲ್ಲೇ: 12 ರೂಪಾಯಿ ಬಾಕಿ ಇದ್ದರೂ, ತಡವಾಗಿ ಮುಚ್ಚಿದ್ದಕ್ಕೆ ಅವರು ತೆರಬೇಕಾದ ದಂಡದ ನಿಯಮ ಅನ್ವಯಿಸುವುದಿಲ್ಲ. ಬಾಕಿ ಸೊನ್ನೆಯಾದ ಮೇಲೆ ಮೇಲ್ ಮೂಲಕ ಮುಚ್ಚಲು ಬರೆಯಿರಿ. 7 ಕೆಲಸದ ದಿನ ಮೀರಿದರೆ ದಿನಕ್ಕೆ 500 ರೂಪಾಯಿ ನಿಮಗೆ ಬರಬೇಕು. ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಸಿಗದಿದ್ದರೆ, ಅಥವಾ ಸಿಕ್ಕ ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಿ, ಖರ್ಚಿಲ್ಲ. ಹೇಗೆಂದು ತಿಳಿಯಲು 14448ಕ್ಕೆ ಕರೆ ಮಾಡಿ. ದೂರಿನ ಜೊತೆ ಮುಚ್ಚಲು ಬರೆದ ಇ-ಮೇಲಿನ ದಿನಾಂಕ ಮತ್ತು ಸೊನ್ನೆ ಬಾಕಿಯ ಬಿಲ್ಲು, ಇವೆರಡನ್ನು ಲಗತ್ತಿಸಲು ಮರೆಯಬೇಡಿ.